ಪೇಟಿ ನಿಂತ ಗಳಿಗೆ

ಕೊಲ್ಹಾಪುರ
೪ ಮಾರ್ಚ್ ೧೯೩೯

ಗೆಳೆಯ ದೊಡ್ಡಬಸಪ್ಪನಿಗೆ,

ನಾನು ಚೆನ್ನಾಗಿದ್ದೇನೆ. ನೀನು ಹೇಗಿದ್ದೀಯ ಎಂದು ಕೇಳುವುದು ಎಂಟು ವರ್ಷ ತಡವಾಯಿತು, ಆದರೂ ಕೇಳುತ್ತಿದ್ದೇನೆ. ನಿನ್ನ ವಿಳಾಸವನ್ನು ಮಸ್ಕಿಯಿಂದ ನಮ್ಮಣ್ಣ ಬರೆದು ಕಳಿಸಿದ. ಲಿಂಗಸುಗೂರಿನಲ್ಲಿ ದಂಡಿನ ಛಾವಣಿಯ ಹತ್ತಿರ ಊದಿನಕಡ್ಡಿ, ವಿಭೂತಿ ಮಾರುವ ಅಂಗಡಿ ಇಟ್ಟಿದ್ದೀಯಂತೆ. ಹಾರ್ಮೋನಿಯಂ ಎನ್ನಲು ನಾಲಿಗೆ ಹೊರಳದೆ ನಾವು ಪೇಟಿ ಎನ್ನುತ್ತಿದ್ದೆವಲ್ಲ, ಅದರ ಮೇಲೆ ಓಡಾಡುತ್ತಿದ್ದ ಬೆರಳಿಗೆ ತಕ್ಕಡಿಯೇ ಮಾರಾಯ!

ನನ್ನ ಸಂಗತಿ ನಿನಗೆ ಅಷ್ಟಿಷ್ಟು ಗೊತ್ತಿರಬಹುದು. ಹುಬ್ಬಳ್ಳಿಯ ವಾರಪತ್ರಿಕೆಯಲ್ಲಿ ‘ಭಯದ ಪರದೆ’ ಎಂಬ ಅಂಕಣ ಬರೆಯುತ್ತೇನೆ. ಮುಂಬಯಿಗೆ ಬರುವ ದೆವ್ವದ ಚಿತ್ರ ಒಂದನ್ನೂ ಬಿಟ್ಟಿಲ್ಲ. ಎಣಿಸಿದರೆ ನೂರಿಪ್ಪತ್ತು ದಾಟಿತು. ಬಹಳಷ್ಟನ್ನು ಬೈದೇ ಬರೆದೆ. ದೆವ್ವಕ್ಕಿಂತ ಮೊದಲು ಪಿಟೀಲು ಕಿರುಚಿದರೆ ಹೆದರುವುದಕ್ಕೆ ನಮಗೆ ಉಳಿಯುವುದೇನು ಎಂದು ಕೇಳಿದೆ. ಒಬ್ಬ ನಿರ್ಮಾಪಕರಿಗೆ ಸಿಟ್ಟು ಬಂದು, ‘ಬರೆಯುವುದು ಬಿಟ್ಟಿ ಕೆಲಸ, ನೀವೇ ಒಂದು ಮಾಡಿ ತೋರಿಸಿ’ ಎಂದರು. ಮಾಡುತ್ತಿದ್ದೇನೆ. ಕನ್ನಡದ ಮಾತಿನ ಚಿತ್ರ, ಹೆಸರು ‘ತಲಬಾಗಿಲು’. ಸತ್ತ ಗೌಡನೊಬ್ಬ ತನ್ನ ಮನೆಯ ಹೊಸ್ತಿಲು ದಾಟಲು ಒಪ್ಪದ ಕಥೆ. ಸಂಗೀತದ ಮೇಷ್ಟರು ನನ್ನ ಕಾಟ ತಾಳದೆ ಹೋಗಿಬಿಟ್ಟರು. ಈಗ ಸಂಗೀತವೂ ನನ್ನದೇ. ಮಸ್ಕಿಯ ಗುಡ್ಡದಲ್ಲಿ ಹಳೆಯ ಕಾಲದ ಅಕ್ಷರ ಕೊರೆದ ಆ ಬಂಡೆಯ ಪಕ್ಕ ಕೂರಿಸಿಕೊಂಡು ನೀನು ಕಲಿಸಿದ ಸ್ವರಗಳೇ ಬಂಡವಾಳ.

ಸಿಂಧನೂರಿನ ಡೇರೆ ನೆನಪಿದೆಯೆ? ಸಂತೆಯ ಬಯಲಿನಲ್ಲಿ ಹುಸೇನ್‌ಸಾಬರ ಮೂಕಿ ಚಿತ್ರದ ಡೇರೆ. ಪರದೆಗೆ ನೀರು ಚಿಮುಕಿಸಿ ಒದ್ದೆ ಮಾಡುತ್ತಿದ್ದರು. ಜನ ಪರದೆಯ ಎರಡೂ ಕಡೆ ಕೂರುತ್ತಿದ್ದರು, ಹಿಂದೆ ಕುಳಿತವರಿಗೆ ಎಲ್ಲ ರಾಜರೂ ಎಡಗೈಯಲ್ಲಿ ಕತ್ತಿ ಹಿಡಿದಂತೆ ಕಾಣುತ್ತಿತ್ತು. ಶಾವಲಿ ಯಂತ್ರದ ಹಿಡಿ ತಿರುಗಿಸುತ್ತಿದ್ದ. ನೀನು ಪರದೆಯ ಮಗ್ಗುಲಲ್ಲಿ ಪೇಟಿ ಇಟ್ಟುಕೊಂಡು, ಕುದುರೆ ಓಡಿದರೆ ಓಡಿಸುತ್ತಿದ್ದೆ, ರಾಣಿ ಅತ್ತರೆ ಅಳಿಸುತ್ತಿದ್ದೆ. ಮಂಡಕ್ಕಿ ತಿನ್ನುವವರು ಬಾಯಲ್ಲಿದ್ದದ್ದನ್ನು ನುಂಗಲು ಮರೆಯುತ್ತಿದ್ದರು.

ಆ ಸಂಜೆಯ ದೆವ್ವದ ಚಿತ್ರ! ನಡುವೆ ನಿನ್ನ ಪೇಟಿ ನಿಂತಿತು. ಇಡೀ ಡೇರೆ ಉಸಿರು ಬಿಗಿಹಿಡಿಯಿತು. ಆಮೇಲೆ ಆದ ಕಿರುಚಾಟಕ್ಕೆ ಡೇರೆಯ ಗಳವೇ ಬಿತ್ತು. ಅಂಥ ಹೆದರಿಕೆಯನ್ನು ನಾನು ಮತ್ತೆ ಎಲ್ಲೂ ಕಂಡಿಲ್ಲ. ಈಗ ನನ್ನ ಚಿತ್ರದಲ್ಲೂ ಹೆಣ ಎತ್ತುವ ದೃಶ್ಯವಿದೆ. ಹನ್ನೊಂದು ಬಗೆಯ ಸಂಗೀತ ಕಟ್ಟಿ ನೋಡಿದೆ. ಸ್ಟುಡಿಯೋದ ಹುಡುಗರು ಬಾಯಿ ಮುಚ್ಚಿಕೊಂಡು ನಗುತ್ತಾರೆ. ನಿಲ್ಲಿಸುವ ಮೊದಲು ನೀನು ನುಡಿಸುತ್ತಿದ್ದುದೇನು? ಸ್ವರ ಬರೆದು ಕಳಿಸುತ್ತೀಯ?

ಆಗ ನಾನು ಪತ್ರಿಕೆಗೆ ಬರೆದದ್ದನ್ನು ಮನಸ್ಸಿಗೆ ಹಚ್ಚಿಕೊಂಡಿಲ್ಲ ತಾನೆ? ಹುಡುಗುತನದ ಬರಹ ಅದು.

ನಿನ್ನ ಹಳೆಯ
ಮರಿಸ್ವಾಮಿ


ಲಿಂಗಸುಗೂರು
೨ ಏಪ್ರಿಲ್ ೧೯೩೯

ಮರಿಸ್ವಾಮಿಗೆ,

ಕಾಗದ ಮುಟ್ಟಿತು. ಏನು ಬಾರಸತಿದ್ದೆ ಅನ್ನೋದು ನೆನಪಿಲ್ಲ. ನೀನೇ ಬರದೀಯಲ್ಲ, ‘ದೆವ್ವ ಎದ್ದು ನಿಂತೊಡನೆ ಪೇಟಿಯವನ ಕೈ ನಡುಗಿ ನಿಂತಿತು, ಕಣ್ಣು ಮುಚ್ಚಿ ಕಲ್ಲಾಗಿ ಕುಳಿತ, ಭಯವೆಂದರೆ ಇದು’ ಅಂತ. ಅಂಜಿದವಗ ಸ್ವರ ಹೆಂಗ ನೆನಪಿರತಾವ? ಪೇಟಿ ಅಟ್ಟದ ಮ್ಯಾಲೈತಿ. ಇಲಿ ತಿಂದಾವೋ ಬಿಟ್ಟಾವೋ ನೋಡಿಲ್ಲ.

ನಮ್ಮ ಸಂಸ್ಥಾನದ ಕಚೇರಿ ಮಂದಿ ಫಸಲಿ ವರ್ಷದ ತಾರೀಖು ಹಾಕತಾರ. ನಿನಗ ತಿಳೀಲಿ ಅಂತ ಇಂಗ್ರೇಜಿ ತಾರೀಖು ಹಾಕೀನಿ. ಅಷ್ಟು ಸಾಕು.

ದೊಡ್ಡಬಸಪ್ಪ, ಊದಿನಕಡ್ಡಿ ಅಂಗಡಿ


ಕೊಲ್ಹಾಪುರ
೨೦ ಜೂನ್ ೧೯೩೯

ದೊಡ್ಡಬಸಪ್ಪ,

ನಿನ್ನ ಕಾರ್ಡು ನನ್ನ ಜೇಬಿನಲ್ಲೇ ಮೂಲೆ ಮಡಚಿ ಹೋಗಿದೆ. ನನ್ನದೇ ವಾಕ್ಯವನ್ನು ಒಂದಕ್ಷರ ತಪ್ಪದೆ ಬರೆದಿದ್ದೀಯ. ಎಂಟು ವರ್ಷದ ಹಿಂದಿನ ವಾಕ್ಯ. ಹುಡುಗುತನದ ಬರಹ ಎಂದೆನಲ್ಲ, ಆ ಮಾತಿಗೆ ನಾಚಿಕೆಯಾಯಿತು.

ಯಾರಿಗೂ ಹೇಳದ ಒಂದು ಸಂಗತಿ ಹೇಳುತ್ತೇನೆ. ನನಗೆ ಒಂಬತ್ತು ವರ್ಷವಾಗಿದ್ದಾಗ ಅಪ್ಪ ಹೋದರು, ನಿನಗೆ ಗೊತ್ತು. ಅಪ್ಪನನ್ನು ಪಡಸಾಲೆಯಲ್ಲಿ ಕೂಡಿಸಿ, ವಿಭೂತಿ ಹಚ್ಚಿ, ಹೂವು ಹಾಕಿದ್ದರು. ಬೆಳಗಿನಿಂದ ಭಜನೆ ನಡೆದಿತ್ತು, ಪೇಟಿಗೆ ಕುಳಿತವರು ನಿಮ್ಮಪ್ಪ. ಎಲ್ಲ ಮಕ್ಕಳನ್ನೂ ಹೊರಗೆ ಕಳಿಸಿದರು. ನಾನು ಹೋಗಲಿಲ್ಲ. ಒಳಕೋಣೆಯಲ್ಲಿ ಜೋಳ ತುಂಬುವ ಗುಮ್ಮಿ ಇತ್ತಲ್ಲ, ಅದರ ಹಿಂದೆ ಗೋಡೆಗೆ ಅಂಟಿಕೊಂಡು ನಿಂತೆ. ಭಜನೆ ಕೇಳುತ್ತಿರುವವರೆಗೆ ಹೆದರಿಕೆ ಇರಲಿಲ್ಲ. ಅಪ್ಪನೂ ಕೇಳುತ್ತ ಕುಳಿತಿದ್ದಾರೆ ಎಂದುಕೊಂಡಿದ್ದೆ. ಇದ್ದಕ್ಕಿದ್ದಂತೆ ಪೇಟಿ ನಿಂತಿತು. ತಾಳ ನಿಂತಿತು. ಅಳುವೂ ನಿಂತಿತು. ಮನೆ ತುಂಬ ಜನ, ಒಂದು ಉಸಿರಿಲ್ಲ. ಎಲ್ಲರೂ ಸತ್ತುಹೋದರು, ನಾನೊಬ್ಬನೇ ಉಳಿದೆ ಎಂದು ತಿಳಿದೆ. ಎಷ್ಟು ಹೊತ್ತೋ ಏನೋ, ಆಮೇಲೆ ದೂರ ಬೀದಿಯಲ್ಲಿ ಭಜನೆ ಮತ್ತೆ ಎದ್ದಿತು. ಹೊರಗೆ ಬಂದು ನೋಡಿದರೆ ಅಪ್ಪ ಕುಳಿತ ಜಾಗದಲ್ಲಿ ಹೂವಿನ ಎಸಳು ಮಾತ್ರ ಇದ್ದವು.

ಅಲ್ಲಿಂದ ಮುಂದೆ ಸತ್ತವರ ಮನೆಗೆ ನಾನು ಕಾಲಿಟ್ಟಿಲ್ಲ. ಹೊಟ್ಟೆನೋವು ಎಂದೋ ಪರೀಕ್ಷೆ ಎಂದೋ ತಪ್ಪಿಸಿಕೊಂಡೆ. ಆ ನಿಶ್ಶಬ್ದವನ್ನು ಎರಡನೆಯ ಸಲ ಕೇಳಿದ್ದು ಸಿಂಧನೂರಿನಲ್ಲಿ, ನಿನ್ನ ಪೇಟಿ ನಿಂತಾಗ. ನಿಜ ಹೇಳಬೇಕೆಂದರೆ ಅವತ್ತು ಡೇರೆಯಲ್ಲಿ ನನ್ನ ಕೈಕಾಲು ನಡುಗಿದವು. ಊರಿಗೆ ಹೋಗಿ ಬರೆಯಲು ಕುಳಿತಾಗ ಆ ನಡುಕವನ್ನು ನಿನ್ನ ಕೈಗೆ ಹಚ್ಚಿಬಿಟ್ಟೆ. ಸಂಪಾದಕರು ಬೆನ್ನು ತಟ್ಟಿದರು. ಅಂಕಣ ಕೊಟ್ಟರು. ನಾನು ಮೆಟ್ಟಿಲು ಹತ್ತಿದ್ದು ಆ ಬರಹದಿಂದ.

ನೀನು ಇಲ್ಲಿಗೆ ಬಾ. ಪೇಟಿ ನೀನೇ ನುಡಿಸು. ಪರದೆಯ ಮೇಲೆ ನಿನ್ನ ಹೆಸರು ನನ್ನ ಹೆಸರಿಗಿಂತ ಮೊದಲು ಬರುತ್ತದೆ. ಬರುವುದಿಲ್ಲವಾದರೆ ಒಂದು ಪ್ರಶ್ನೆಗಾದರೂ ಉತ್ತರ ಬರೆ. ಅವತ್ತು ನಮ್ಮ ಮನೆಯಲ್ಲಿ ನಿಮ್ಮಪ್ಪನ ಪೇಟಿ ನಿಂತಿತಲ್ಲ, ಯಾಕೆ?

ಮರಿಸ್ವಾಮಿ


ಲಿಂಗಸುಗೂರು
೨೬ ಆಗಸ್ಟ್ ೧೯೩೯

ಮರಿಸ್ವಾಮಿ,

ಎರಡು ತಿಂಗಳು ನಿನ್ನ ಕಾಗದಾನ ತಕ್ಕಡಿ ಕೆಳಗ ಇಟ್ಟಿದ್ದೆ. ನಮ್ಮಾಕಿ ಸಂಗಮ್ಮ ದಿನಾ ಕಸ ಹೊಡಿಯುವಾಗ ಎತ್ತಿ ನೋಡಾಕಿ, ‘ಉತ್ತರ ಬರೀರಿ, ಇಲ್ಲಂದ್ರ ಒಲಿಗೆ ಹಾಕತೀನಿ’ ಅನ್ನಾಕಿ. ಅದಕ್ಕ ಬರಿಯಾಕತ್ತೀನಿ. ನಿನ್ನಂಗ ಪತ್ರಿಕೆ ಕನ್ನಡ ನನಗ ಬರಂಗಿಲ್ಲ. ಸಾಲ್ಯಾಗ ಕಲಿತದ್ದು ಉರ್ದು, ಮಠದಾಗ ಕಲಿತದ್ದು ಭಜನಿ. ಮಾತಾಡಿದಂಗ ಬರೀತೀನಿ, ಹಂಗೇ ಓದು.

ಲೇ, ಮಸ್ಕಿಯಾಗ ಹುಟ್ಟಿ ಇಷ್ಟು ಗೊತ್ತಿಲ್ಲೇನು ನಿನಗ? ಎಲ್ಲಿಂದ ಗೊತ್ತಾಗಬೇಕು, ಗುಮ್ಮಿ ಹಿಂದ ನಿಂತವಗ! ನಮ್ಮ ಮಠದ ಭಜನಿ ಮ್ಯಾಳದ ಪದ್ಧತಿ ಅದು. ಹೆಣಾನ ಕೂಡಿಸಿದ ಜಾಗಾ ಬಿಟ್ಟು ಎತ್ತಿದ ಕೂಡಲೇ ಪೇಟಿ ನಿಂದರಸಬೇಕು. ಪೇಟಿಯವ ಕಣ್ಣು ಮುಚ್ಚಬೇಕು. ಮಂದಿಯೆಲ್ಲ ಎದ್ದು ನಿಂದರಬೇಕು. ತಲಬಾಗಿಲು ದಾಟೂತನಕ ಯಾರೂ ಪಿಟ್ಟೆನ್ನಬಾರದು. ದಾಟಿದ ಮ್ಯಾಲ ಮತ್ತ ಭಜನಿ. ನಾ ಸಣ್ಣಾವಿದ್ದಾಗ ಯಾಕಂತ ಅಪ್ಪನ್ನ ಕೇಳಿದ್ದೆ. ‘ಹಾಡು ಕೇಳಾಕತ್ತಿದ್ರ ಹೋಗವರಿಗೆ ಕಾಲು ಏಳಂಗಿಲ್ಲಪಾ. ನಾವು ಬಿಟ್ಟುಕೊಡಬೇಕು’ ಅಂದ. ನಿಮ್ಮಪ್ಪಗ ನಮ್ಮಪ್ಪ ಹಂಗ ಬಿಟ್ಟುಕೊಟ್ಟ. ನೀ ಅದಕ್ಕ ಅಂಜಿದಿ.

ಇನ್ನ ಸಿಂಧನೂರಿಂದು ಕೇಳು. ಪರದೆ ಮ್ಯಾಲ ನಾಕು ಮಂದಿ ಹೆಣ ಎತ್ತಿದರು. ನನ್ನ ಕೈ ನನ್ನ ಮಾತು ಕೇಳಲಿಲ್ಲ. ನಿಂತುವು. ಕಣ್ಣು ಮುಚ್ಚಿದುವು. ಬಟ್ಟಿ ಮ್ಯಾಲಿನ ಹೆಣ ಅಂತ ಕೈಗೆ ಹೆಂಗ ಗೊತ್ತಾಗಬೇಕು? ಆ ಡೇರೆಯಾಗ ಮಸ್ಕಿ ಮಂದಿ ಅಂದ್ರ ನೀ ಮತ್ತ ನಾ ಇಬ್ಬರೇ. ಆಮ್ಯಾಲ ಹೆಣ ಎದ್ದು ಕುಂತಿತಂತ, ಮಂದಿ ಚೀರಿದರಂತ. ನಾ ನಿನ್ನ ದೆವ್ವ ನೋಡೇ ಇಲ್ಲ ಮಾರಾಯಾ! ಹೆಂಗಿತ್ತದು?

ನಿನ್ನ ಪತ್ರಿಕೆ ಮಸ್ಕಿ ಮಠಕ್ಕ ಬಂತು. ಸಾಲಿ ಮಾಸ್ತರ ಎಲ್ಲಾರ ಮುಂದ ಓದಿ ಹೇಳಿದ. ಹೆಣ ಎತ್ತಿದ್ದು ನೀ ಬರದಿರಲಿಲ್ಲ, ದೆವ್ವ ಎದ್ದದ್ದು ಅಷ್ಟ ಬರದಿದ್ದಿ. ಹಿಂಗಾತು ಅಂತ ನಾ ಹೇಳಿದೆ. ನೆಪ ಹೇಳತಾನ ಅಂತ ನಕ್ಕರು. ಹುಸೇನ್‌ಸಾಬ್ ನನಗ ಡೇರೆ ಕೆಲಸ ಬಿಡಿಸಿದ. ಅದು ಹೋಗಲಿ, ಮಾತಾಡೋ ಸಿನೆಮಾ ಬಂದ ಮ್ಯಾಲ ಹೆಂಗೂ ಬಿಡಸತಿದ್ದ. ಆದ್ರ ಸತ್ತ ಮನಿಯವರು ಕರಿಯೂದು ಬಿಟ್ಟರು. ದೆವ್ವಕ್ಕ ಅಂಜವ ಹೆಣದ ಮಗ್ಗಲಕ ಹೆಂಗ ಕುಂತಾನು ಅಂತ. ಸಂತೆಕಲ್ಲೂರಾಗ ದೊಡ್ಡ ಮನಿ ಮುಂದ ಪೇಟಿ ಹೊತಗೊಂಡು ಹೋಗಿ ನಿಂತಿದ್ದೆ. ನೀರು ಕೊಟ್ಟು, ‘ಬ್ಯಾಡ ಬಿಡ್ರಿ, ಬ್ಯಾರೇದವರು ಬಂದಾರ’ ಅಂದರು. ನಾ ಆ ನೀರು ಕುಡೀಲಿಲ್ಲ. ಮೂರು ತಲಿಮಾರಿನಿಂದ ನಮ್ಮ ಮನಿಯವರು ಮಾಡಿದ ಸೇವಾ ಅದು.

ನಾಕು ವರ್ಷದ ಹಿಂದ ಇಲ್ಲೇ ಲಿಂಗಸುಗೂರಾಗ ನಮ್ಮಪ್ಪ ಹೋದ. ಇಲ್ಲಿನ ಹಿರೇರು ನನ್ನ ಕೈಗೆ ಪೇಟಿ ಕೊಡದ, ಎಲ್ಲಿಂದಲೋ ಪೇಟಿಯವನ್ನ ಕರಸಿದರು. ಅವಗ ನಮ್ಮ ಪದ್ಧತಿ ಗೊತ್ತಿರಲಿಲ್ಲ. ಎತ್ತಿದಾಗಲೂ ಬಾರಸಿದ. ತಲಬಾಗಿಲು ದಾಟುವಾಗಲೂ ಬಾರಸಿದ. ನಾ ನಿಂದರಸ್ರಿ ಅಂತ ಒದರಿದರ, ದುಃಖದಾಗ ಬಡಬಡಸತಾನ ಅಂತ ಹಿಡಕೊಂಡರು. ನಮ್ಮಪ್ಪಗ ಕಾಲು ಎದ್ದುವೋ ಇಲ್ಲೋ ನನಗ ಇವತ್ತಿಗೂ ಗೊತ್ತಿಲ್ಲ ಮರಿಸ್ವಾಮಿ.

ನಾ ಬರಂಗಿಲ್ಲ. ಪರದೆ ಮ್ಯಾಲ ಹೆಸರೂ ಬ್ಯಾಡ. ಯಾವ ಪತ್ರಿಕೆಯಾಗ ಅದು ಬಂತೋ, ಅದೇ ಪತ್ರಿಕೆಯಾಗ ಇದು ಬರಲಿ. ಆಗತೈತೇನು ನಿನ್ನಿಂದ?

ದೊಡ್ಡಬಸಪ್ಪ


ಕೊಲ್ಹಾಪುರ
೧೧ ಫೆಬ್ರವರಿ ೧೯೪೦

ದೊಡ್ಡಬಸಪ್ಪ,

ಐದು ತಿಂಗಳು ಸುಮ್ಮನಿದ್ದೆ. ಯುದ್ಧ ಶುರುವಾಯಿತು, ಫಿಲ್ಮು ಸಿಗುತ್ತಿಲ್ಲ ಎಂದೆಲ್ಲ ಬರೆಯಬಹುದು. ಅದು ಕಾರಣವಲ್ಲ. ನನಗೆ ಧೈರ್ಯವಿರಲಿಲ್ಲ.

ಚಿತ್ರದ ಜಾಹೀರಾತಿನ ಹಾಳೆ ಆಗಲೇ ಅಚ್ಚಾಗಿತ್ತು. ‘ಸಿಂಧನೂರಿನ ಪೇಟಿಯವನ ಭಯವನ್ನು ಕನ್ನಡಿಗರಿಗೆ ತೋರಿಸಿದ ವಿಮರ್ಶಕನ ಮೊದಲ ಚಿತ್ರ’ ಎಂದೇ ಅದರ ಮೊದಲ ಸಾಲು. ನಿನ್ನ ಕಾಗದವನ್ನು ನಿರ್ಮಾಪಕರಿಗೆ ಓದಿ ಹೇಳಿದೆ. ‘ಚಿತ್ರ ಬಿಡುಗಡೆಯಾಗಲಿ, ಆಮೇಲೆ ಪಶ್ಚಾತ್ತಾಪ ಪಡಿ’ ಎಂದರು. ಸಂಪಾದಕರನ್ನು ಕೇಳಿದೆ. ‘ಒಂಬತ್ತು ವರ್ಷದ ಮಾತು, ಯಾರಿಗೆ ನೆನಪಿದೆ?’ ಎಂದರು. ನಿನ್ನ ಕಾರ್ಡು ತೆಗೆದು ತೋರಿಸಿದೆ. ‘ಇವನಿಗೆ ನೆನಪಿದೆ ಸ್ವಾಮಿ’ ಎಂದೆ. ಕೊನೆಗೆ ಅಚ್ಚು ಹಾಕಿದರು, ಆದರೆ ಇಂಥವನ ಅಂಕಣವನ್ನು ಓದುಗರು ಇನ್ನು ನಂಬುವುದು ಹೇಗೆ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ‘ಭಯದ ಪರದೆ’ ಕಳೆದ ವಾರ ಮುಗಿಯಿತು. ಜಾಹೀರಾತಿನ ಹಾಳೆಯನ್ನೂ ಬದಲಿಸಿದರು. ನಿರ್ಮಾಪಕರು ನನ್ನೊಡನೆ ಮಾತು ಬಿಟ್ಟಿದ್ದಾರೆ, ಇನ್ನೊಂದು ಚಿತ್ರ ಕೊಡುವುದಂತೂ ದೂರ. ನೋವಾಯಿತು, ಸುಳ್ಳು ಹೇಳಲಾರೆ. ಆದರೂ ಒಂಬತ್ತು ವರ್ಷದಲ್ಲಿ ಮೊದಲ ಸಲ ನನ್ನ ಬರಹವನ್ನು ನಾನೇ ಜೋರಾಗಿ ಓದಿಕೊಂಡೆ.

ಕತ್ತರಿಸಿದ ಹಾಳೆಯನ್ನು ಇದರ ಜೊತೆ ಇಟ್ಟಿದ್ದೇನೆ. ಅದರಲ್ಲಿ ನಿನ್ನ ಮೇಳದ ಪದ್ಧತಿ ಇದೆ, ಪರದೆಯ ಮೇಲೆ ಹೆಣ ಎತ್ತಿದ್ದಿದೆ. ‘ದೊಡ್ಡಬಸಪ್ಪನವರು ಹೆದರಿ ನಿಲ್ಲಿಸಲಿಲ್ಲ. ಅಂದು ಹೆದರಿದವನು ಈ ಲೇಖಕ’ ಎಂಬ ಕೊನೆಯ ಸಾಲೂ ಇದೆ.

ಇನ್ನು ಆ ದೃಶ್ಯ. ಹನ್ನೊಂದೂ ಸಂಗೀತವನ್ನು ಎಸೆದೆ. ಭಜನೆಯ ಸ್ವರ ಮಾತ್ರ ಕಟ್ಟಿದೆ. ಧ್ವನಿ ಮುದ್ರಿಸುವ ದಿನ ಹೆಣ ಎತ್ತುವ ಹೊತ್ತಿಗೆ ವಾದ್ಯದವರಿಗೆಲ್ಲ ಕೈ ಬಿಟ್ಟು ಎದ್ದು ನಿಲ್ಲಲು ಹೇಳಿದೆ. ಯಂತ್ರದವನು, ‘ಸ್ವಾಮಿ, ತಂತಿ ಕಡಿಯಿತೇ?’ ಎಂದು ಓಡಿಬಂದ. ಅವನನ್ನೂ ನಿಲ್ಲಿಸಿದೆ. ನಾನು ಕಣ್ಣು ಮುಚ್ಚಿದೆ. ಹನ್ನೆರಡು ಜನ ಉಸಿರು ಹಿಡಿದು ನಿಂತಿದ್ದರು. ಗುಮ್ಮಿ ನೆನಪಾಯಿತು, ಜೋಳದ ವಾಸನೆ ಸಹಿತ. ಹೆದರಿಕೆಯಾಗಲಿಲ್ಲ, ಅಳು ಬಂತು. ಅಪ್ಪ ಹೋಗಿ ಇಪ್ಪತ್ತನಾಲ್ಕು ವರ್ಷವಾದ ಮೇಲೆ ಸ್ಟುಡಿಯೋದ ನಡುವೆ ನಿಂತು ಅತ್ತೆ.

ಅದಕ್ಕೇ ಚಿತ್ರದ ಕೊನೆಯನ್ನೂ ಬದಲಿಸಿದ್ದೇನೆ. ಗೌಡನ ಹೆಣ ಕಣ್ಣು ಬಿಡುತ್ತದೆ, ಆದರೂ ಹೊತ್ತವರು ನಿಲ್ಲುವುದಿಲ್ಲ. ಹೊಸ್ತಿಲು ದಾಟಿಸುತ್ತಾರೆ.

ನಿಮ್ಮಪ್ಪನ ವಿಷಯದಲ್ಲಿ ನಾನು ಏನು ಬರೆದರೂ ಸಾಲದು. ಕ್ಷಮಿಸು ಎನ್ನುವುದೂ ಸಣ್ಣದಾಗಿ ಕಾಣುತ್ತದೆ. ಆದರೂ ಕ್ಷಮಿಸು.

ಮರಿಸ್ವಾಮಿ


ಮಸ್ಕಿ
೨೮ ನವೆಂಬರ್ ೧೯೪೦

ಮರಿಸ್ವಾಮಿ,

ಉತ್ತರ ಬರಲಿಲ್ಲಂತ ಬೇಜಾರಾಗಿರಬೇಕು. ಆಗಲಿ. ನಾ ಎಂಟು ವರ್ಷ ಕಾದೀನಿ, ನೀ ಒಂಬತ್ತು ತಿಂಗಳು ಕಾದರ ಏನಾತು?

ನಿನ್ನ ಹಾಳಿ ಬಂದಾಗ ಸಂಗಮ್ಮ ಓದಿಸಿಕೊಂಡು ಕೇಳಿದಳು, ಎರಡು ಸಲ. ನಾ ಅದನ್ನ ಯಾರಿಗೂ ತೋರಸಲಿಲ್ಲ. ಮತ್ತ ನೆಪ ಅಂದಾರು ಅಂತ ಪೆಟ್ಟಿಗ್ಯಾಗ ಇಟ್ಟೆ. ಮೊನ್ನಿ ಹುಸೇನ್‌ಸಾಬ್ ಅಂಗಡಿಗೆ ಬಂದ. ಗಡ್ಡ ಪೂರಾ ಬೆಳ್ಳಗಾಗೈತಿ. ಈಗ ಅವಂದು ಮಾತಾಡೋ ಸಿನೆಮಾದ ಡೇರೆ. ‘ದೊಡ್ಡಬಸಪ್ಪ, ಮರಿಸ್ವಾಮಿ ಪಿಚ್ಚರ್ ಸಿಂಧನೂರಾಗ ಆಡಸೀನಿ, ಲಿಂಗಸುಗೂರಾಗ ಆಡಸೀನಿ, ಈಗ ಮಸ್ಕಿಗೆ ಒಯ್ತೀನಿ, ನೀ ಬರಬೇಕು, ಜಿದ್ದು ಬಿಡು’ ಅಂದ. ನನ್ನನ್ನೂ ಸಂಗಮ್ಮನ್ನೂ ಗಾಡಿಯಾಗ ಕೂಡಿಸಿಕೊಂಡೇ ಬಂದ. ಡೇರೆ ಹಾಕಿದ್ದು ಹಳ್ಳದ ದಂಡಿಗೆ, ನಾವು ಈಜಾಕ ಹೋಗತಿದ್ವಲ್ಲ, ಅಲ್ಲೇ.

ಸಿಟ್ಟಾಗಬ್ಯಾಡ, ನಿನ್ನ ದೆವ್ವ ನೋಡಿ ಮಂದಿ ನಕ್ಕರು. ಗೌಡನ ಮೀಸಿ ಒಂದು ಕಡೆ ಬಿಚ್ಚಿಕೊಂಡಿತ್ತು. ಬಾಜೂದಾಗ ಕುಂತ ಗದ್ದೆಪ್ಪ, ‘ದೆವ್ವಕ್ಕ ಗೋಂದು ಸಾಲವಲ್ದು’ ಅಂದ. ನಾನೂ ನಕ್ಕೆ. ನಿನ್ನ ಹಾಡು ಮಾತ್ರ ಚಲೋ ಅದಾವ. ಎರಡು ಕಡೆ ಸ್ವರ ಇಳಿದಾವ, ಅದು ಗುಡ್ಡದ ಮ್ಯಾಲೂ ನಿನಗ ಬರತಿರಲಿಲ್ಲ.

ಆಮ್ಯಾಲ ಭಜನಿ ಬಂತು. ನಾಕು ಮಂದಿ ಬಗ್ಗಿ ಹೆಣ ಎತ್ತಿದರು. ಪೇಟಿ ನಿಂತಿತು.

ಶಾವಲಿ ಯಂತ್ರ ಕೆಟ್ಟಿತು ಅಂತ ಕೈ ಹಾಕಾಕ ಹೋದ, ಹುಸೇನ್‌ಸಾಬ್ ಅವನ ಕೈ ಹಿಡಿದ. ನಾ ಕಣ್ಣು ಮುಚ್ಚಬೇಕಿತ್ತು, ಮುಚ್ಚಲಿಲ್ಲ. ಹೆಣ್ಣುಮಕ್ಕಳ ಕಡೆ ಒಬ್ಬಾಕಿ ಎದ್ದು ನಿಂತಳು. ನಿಮ್ಮವ್ವ ಬಸವಣ್ಣೆಮ್ಮ. ಹುಟ್ಟಿದಾಗಿಂದ ಒಂದು ಸಿನೆಮಾ ನೋಡದಾಕಿ, ಮಗಂದು ಅಂತ ನಿಮ್ಮಣ್ಣ ಕರಕೊಂಡು ಬಂದಿದ್ದ. ಸೆರಗು ತಲಿ ಮ್ಯಾಲ ಎಳಕೊಂಡು ಸುಮ್ಮನ ನಿಂತಳು. ಆಕಿನ್ನ ನೋಡಿ ಹಿಂದಿನವರು ಎದ್ದರು. ಗಂಡಸರು ರುಮಾಲು ತಗದರು. ಹೊರಗ ಮಂಡಕ್ಕಿ ಮಾರವಳೂ ಬುಟ್ಟಿ ಬಿಟ್ಟು ಎದ್ದಳು. ಇಡೀ ಡೇರೆ ನಿಂತಿತು ಮರಿಸ್ವಾಮಿ. ಗೌಡನ ಹೆಣ ಕಣ್ಣು ಬಿಟ್ಟಿತು. ಒಬ್ಬರೂ ಚೀರಲಿಲ್ಲ. ಅದು ತಲಬಾಗಿಲು ದಾಟೂತನಕ ಒಬ್ಬರೂ ಕೂಡಲಿಲ್ಲ. ನಾನೂ ನಿಂತಿದ್ದೆ. ನನಗ ಅಲ್ಲಿ ಗೌಡ ಕಾಣಲಿಲ್ಲ, ನಮ್ಮಪ್ಪ ಕಂಡ. ಈ ಸಲ ಯಾರೂ ಬಾರಸಲಿಲ್ಲ. ದಾಟಿದ.

ಸಾಲಿ ಮಾಸ್ತರ ಹೊರಗ ನನ್ನ ಕೈ ಹಿಡಿದ. ಬಾಳೊತ್ತು ಬಿಡಲಿಲ್ಲ.

ಇವತ್ತು ಹೊತ್ತೇರುವಾಗ ಸಂತೆಕಲ್ಲೂರಿನ ದೊಡ್ಡ ಮನಿಯವರು ಬಂದರು. ಅದೇ ಮನಿ. ಅವರ ಮುದುಕಿ ಹೋಗ್ಯಾಳ. ‘ಪೇಟಿ ಐತೇನ್ರಿ?’ ಅಂದರು. ಸಂಗಮ್ಮ ಲಿಂಗಸುಗೂರಿಂದ ಬರುವಾಗ ಹೇಳದ ಕೇಳದ ಪೇಟಿ ಗಾಡಿಯಾಗ ಇಟಗೊಂಡು ಬಂದಿದ್ದಳು ನೋಡು! ಇಲಿ ಒಂದು ಮೂಲಿ ತಿಂದಾವ, ಅರಿವಿ ಹಚ್ಚಿ ಅಂಟಿಸೀನಿ. ಉಸಿರು ಹಿಡಿತೈತಿ. ಗಾಡಿ ನಿಂತೈತಿ, ಹೊಂಟೀನಿ.

ಹೋಗೂ ಮುಂದ ನಿಮ್ಮವ್ವನ್ನ ಕಂಡು, ಮಗಗ ಏನರ ಬರೀಲೇನವ್ವಾ ಅಂದೆ. ಗುಮ್ಮಿಯ ಸುದ್ದಿ ನಾ ಎತ್ತಿರಲಿಲ್ಲ, ಆಕೀನ ಎತ್ತಿದಳು. ಆಕಿ ಹೇಳಿದಂಗ ಬರೀತೀನಿ:

‘ಅವತ್ತು ಗುಮ್ಮಿ ಕೆಳಗ ಎರಡು ಸಣ್ಣ ಕಾಲು ಕಾಣತಿದ್ದುವು. ನಾ ನೋಡಿದ್ದೆ. ಕೂಸು ಅಂಜ್ಯಾನ ಅಂತ ಮಂದಿ ಬಾಯಿಗೆ ಬೀಳಬಾರದು ಅಂತ ಕರೀಲಿಲ್ಲ. ಈಗ ಅವ್ವ ಕರದಾಳ ಅಂತ ಬರಿ.’

ದೊಡ್ಡಬಸಪ್ಪ, ಪೇಟಿಯವ